ಮೀನು ಸಿಕ್ಕಿದ ಮೇಲೆ

ಗಾಳ ಹಾಕೋದು ಹೇಗೆ ಅಂತ ಯೂಟ್ಯೂಬ್‌ನಲ್ಲಿ ಹುಡುಕಿದ್ರೆ ಬೇಕಾದಷ್ಟು ವಿಡಿಯೋ ಸಿಗುತ್ತೆ. ಯಾವ ಗಂಟು ಹಾಕಬೇಕು, ಯಾವ ಕೊಕ್ಕೆ ಒಳ್ಳೇದು, ಹಿಟ್ಟಿಗೆ ಏನು ಕಲಸಬೇಕು, ಎಲ್ಲಾ ಹೇಳಿಕೊಡ್ತಾರೆ. ಆದ್ರೆ ಆ ವಿಡಿಯೋಗಳೆಲ್ಲಾ ಮೀನು ದಡಕ್ಕೆ ಬರೋ ಹೊತ್ತಿಗೆ ಮುಗಿದುಹೋಗುತ್ತವೆ. ಹಿಡಿದವನು ಮೀನನ್ನ ಎತ್ತಿ ಕ್ಯಾಮೆರಾಗೆ ತೋರಿಸ್ತಾನೆ, ಜೋರಾಗಿ ಸಂಗೀತ ಬರುತ್ತೆ, ಅಷ್ಟೇ. ಪಕ್ಕದಲ್ಲಿ ಆರು ವರ್ಷದ ಮಗು ನಿಂತಿದ್ರೆ ಮಾತ್ರ ನಿಜವಾದ ಕೆಲಸ ಶುರುವಾಗೋದೇ ಆಗ. ಹುಲ್ಲಿನ ಮೇಲೆ ಮೀನು ಒದ್ದಾಡ್ತಿರುತ್ತೆ, ಮಗು ನಿಮ್ಮ ಮುಖ ನೋಡ್ತಿರುತ್ತೆ. ಆ ಐದು ನಿಮಿಷದಲ್ಲಿ ನೀವು ಏನು ಹೇಳ್ತೀರಿ, ಏನು ಮಾಡ್ತೀರಿ? ಈ ಬರಹ ಅದರ ಬಗ್ಗೆ.

ದಸರಾ ರಜೆಯಲ್ಲಿ ನಾವು ನಾಲ್ಕು ಜನ ಹಾಸ್ಟೆಲ್ ಗೆಳೆಯರು ನಾಗಮಂಗಲದ ಕಡೆ ಒಂದು ಹಳ್ಳಿಗೆ ಹೋಗಿದ್ದೆವು. ನಮ್ಮಲ್ಲೊಬ್ಬನ ಊರು ಅದು. ಅವನ ಅಕ್ಕನ ಮಗಳು ಪುಟ್ಟಿಯೂ ಬೆಂಗಳೂರಿಂದ ಅಜ್ಜಿ ಮನೆಗೆ ಬಂದಿದ್ದಳು. ಒಂದನೇ ಕ್ಲಾಸು. ಅವಳಿಗೆ ಸೋದರಮಾವ ಒಬ್ಬನೇ ಆದ್ರೂ ಬಂದ ದಿನವೇ ನಮ್ಮ ನಾಲ್ಕೂ ಜನರನ್ನ ಮಾವ ಮಾಡಿಬಿಟ್ಟಳು. ಗುರುತಿಗೆ ಅಂತ ಕನ್ನಡಕ ಮಾವ, ಗಡ್ಡ ಮಾವ, ಉದ್ದ ಮಾವ; ನಮ್ಮ ಗೆಳೆಯ ಮಾತ್ರ 'ಸ್ವಂತ ಮಾವ'. ಕನ್ನಡಕ ಮಾವ ಇ.ಸಿ., ಗಡ್ಡ ಮಾವ ಮೆಕ್ಯಾನಿಕಲ್, ಉದ್ದ ಮಾವ ಸಿವಿಲ್, ಸ್ವಂತ ಮಾವ ಕಂಪ್ಯೂಟರ್ ಸೈನ್ಸ್. ಈ ಬರಹದಲ್ಲೂ ಅದೇ ಹೆಸರು ಇರಲಿ, ಅವು ನಮ್ಮ ಯು.ಎಸ್.ಎನ್.ಗಿಂತ ಚೆನ್ನಾಗಿವೆ.

ಶನಿವಾರ ರಾತ್ರಿ ಊಟಕ್ಕೆ ಕೂತಾಗ ಪುಟ್ಟಿ, "ನಾಳೆ ಕಟ್ಟೆಗೆ ಹೋಗಿ ಮೀನು ಹಿಡಿಯೋಣ್ವಾ?" ಅಂದಳು. ಹೂಂ ಅಂದೆವು. ಗೋಡೆಗೆ ಒರಗಿ ಕೂತಿದ್ದ ತಾತ ಮಾತ್ರ ತಕ್ಷಣ ಹೂಂ ಅನ್ನಲಿಲ್ಲ. ಅವರು ನಮ್ಮ ಗೆಳೆಯನ ತಾತ, ಪುಟ್ಟಿಗೆ ಮುತ್ತಾತ, ಆದ್ರೆ ಇಡೀ ಮನೆಗೇ ತಾತ. ವಯಸ್ಸು ಎಂಬತ್ತರ ಹತ್ತಿರ. ಆ ಕಟ್ಟೆಯಲ್ಲಿ ಗಾಳ ಹಾಕುತ್ತಲೇ ದೊಡ್ಡವರಾದವರು.

"ಮೊದ್ಲು ನೀರು, ಆಮೇಲೆ ಮೀನು" ಅಂದರು. "ನೀರಿನ ತಾವು ಕೂಸು ಕರ್ಕೊಂಡೋಗೋರು ಯಾರು, ಕಾಯೋರು ಯಾರು, ಅದ ಹೇಳಿ."

ಅದು ಊರು ಹೊರಗಿನ ಚಿಕ್ಕ ಕಟ್ಟೆ. ಮಳೆ ಚೆನ್ನಾಗಿ ಆಗಿದ್ದರಿಂದ ಕೋಡಿ ಬಿದ್ದಿತ್ತು. ಸಂಜೆ ನಾವು ಒಂದು ಸುತ್ತು ಹೋಗಿ ನೋಡಿಬಂದಿದ್ದೆವು. ಉದ್ದ ಮಾವ ಅಲ್ಲೇ ಇದ್ದ ಹಳೇ ಪಂಚಾಂಗವೊಂದರ ಹಿಂದೆ ನಕ್ಷೆ ಬರೆದ. ಏರಿಯ ಒಳಮೈಗೆ ಕಲ್ಲು ಕಟ್ಟಿದ್ದಾರೆ, ನೀರಿಗೆ ತಾಗೋ ಕಲ್ಲಿನ ಮೇಲೆ ಪಾಚಿ, ಜಾರುತ್ತೆ. ತೂಬಿನ ಹತ್ತಿರ ಆಳ ಜಾಸ್ತಿ. ಕೋಡಿ ಹತ್ತಿರ ನೀರಿನ ಸೆಳೆತ. ಇನ್ನೊಂದು ಕಡೆ, ಕಟ್ಟೆಯ ಅಂಗಳದ ಕಡೆ, ದಡ ನಿಧಾನವಾಗಿ ಇಳಿಜಾರಾಗುತ್ತೆ. ನೋಡೋಕೆ ಅದೇ ಸುರಕ್ಷಿತ. ಆದ್ರೆ ಬೇಸಿಗೆಯಲ್ಲಿ ಜೆಸಿಬಿ ತಂದು ಮಣ್ಣು ತೆಗೆದ ಗುಂಡಿಗಳು ಈಗ ನೀರೊಳಗೆ ಮುಚ್ಚಿಕೊಂಡಿವೆ. ಮೊಣಕಾಲುದ್ದ ನೀರಲ್ಲಿ ನಡೀತಾ ನಡೀತಾ ಮುಂದಿನ ಹೆಜ್ಜೆಗೆ ತಲೆ ಮುಳುಗುವಷ್ಟು ಆಳ ಬರಬಹುದು. ನೀರೊಳಗಿನ ನೆಲ ಮೇಲಿಂದ ನೋಡಿದ್ರೆ ಇರೋದಕ್ಕಿಂತ ಹತ್ತಿರ ಕಾಣುತ್ತೆ, ನಾಲ್ಕು ಅಡಿ ಆಳ ಮೂರೇ ಅಡಿ ಅನ್ನಿಸುತ್ತೆ. ಪಿಯುಸಿಯಲ್ಲಿ ವಕ್ರೀಭವನ ಸೂಚ್ಯಂಕ 1.33 ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದರ ಅರ್ಥ ಇದೇ.

ಸ್ವಂತ ಮಾವ, "ಹಂಗಾದ್ರೆ ಚಿಕ್ಕಪ್ಪನ ಹೊಲದ ಕೃಷಿ ಹೊಂಡ ಇದೆಯಲ್ಲ, ಅಲ್ಲಿಗೆ ಹೋಗೋಣ. ಚಿಕ್ಕದು, ಅಳತೆ ಗೊತ್ತು" ಅಂದ. ತಾತ, ಉದ್ದ ಮಾವ ಇಬ್ಬರೂ ಒಟ್ಟಿಗೆ "ಬೇಡ" ಅಂದರು. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ನಮ್ಮ ಒಣಭೂಮಿ ಊರುಗಳಲ್ಲಿ ಇಂಥ ಹೊಂಡಗಳು ಸಾಕಷ್ಟಾಗಿವೆ, ಬೆಳೆ ಉಳಿಸಿವೆ. ಆದ್ರೆ ನೀರು ಇಂಗದ ಹಾಗೆ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿರ್ತಾರೆ, ನಾಲ್ಕೂ ಕಡೆ ಕಡಿದಾದ ಇಳಿಜಾರು. ಒದ್ದೆ ಪ್ಲಾಸ್ಟಿಕ್ ಮೇಲೆ ಕಾಲಿಗೂ ಹಿಡಿತ ಇಲ್ಲ, ಕೈಗೂ ಹಿಡಿತ ಇಲ್ಲ. ಒಳಗೆ ಜಾರಿದವರು ಈಜು ಬಂದ್ರೂ ಹತ್ತಿ ಬರೋದು ಕಷ್ಟ. ಸುತ್ತ ಬೇಲಿ ಹಾಕಿ ಅನ್ನೋದು ಅದಕ್ಕೇ. ಪ್ರತೀ ಬೇಸಿಗೆ ರಜೆಯಲ್ಲಿ ಪೇಪರಿನ ಜಿಲ್ಲಾ ಪುಟದಲ್ಲಿ ಬರೋ ಸುದ್ದಿ ನೀವೂ ಓದಿರ್ತೀರಿ.

ಕೊನೆಗೆ ಅಂಗಳದ ಕಡೆ ಒಂದು ಜಾಗ ಗೊತ್ತಾಯ್ತು. ಬಟ್ಟೆ ಒಗೆಯೋ ಚಪ್ಪಡಿ ಕಲ್ಲು, ಅದರ ಮುಂದೆ ತಾತ ಉದ್ದ ಬಿದಿರು ಇಳಿಸಿ ಆಳ ನೋಡಿದ ಜಾಗ. ಪುಟ್ಟಿ ಕೂರೋದು ನೀರಿಂದ ನಾಲ್ಕು ಹೆಜ್ಜೆ ಹಿಂದೆ. ನಮ್ಮಲ್ಲಿ ಒಬ್ಬನ ಕೈಯಲ್ಲಿ ಗಾಳವೂ ಇರಬಾರದು, ಫೋನೂ ಇರಬಾರದು. ಪುಟ್ಟಿ ಕೈಗೆ ಎಟುಕುವಷ್ಟು ಹತ್ತಿರ ಕೂತು ಅವಳನ್ನ ನೋಡೋದಷ್ಟೇ ಅವನ ಕೆಲಸ. ಹದಿನೈದು ನಿಮಿಷಕ್ಕೊಬ್ಬ ಬದಲಾಗಬೇಕು. ಗಡ್ಡ ಮಾವ ಖಾಲಿಯಾಗಿದ್ದ ಐದು ಲೀಟರ್ ಎಣ್ಣೆ ಕ್ಯಾನಿಗೆ ಮುಚ್ಚಳ ಬಿಗಿದು, ಹಿಡಿಗೆ ಹತ್ತು ಮೀಟರ್ ಹಗ್ಗ ಕಟ್ಟಿದ. ದೂರ ಎಸೆಯೋಕೆ ತೂಕ ಬೇಕು ಅಂತ ಒಳಗೆ ಒಂದು ಲೋಟ ನೀರು. ಗಾಳಿ ತುಂಬಿದ ಐದು ಲೀಟರ್ ಕ್ಯಾನು ಸುಮಾರು ಐದು ಕೆ.ಜಿ. ತೂಕವನ್ನ ಎತ್ತಿ ಹಿಡಿಯುತ್ತೆ. ಮನುಷ್ಯನ ಮೈ ಹೆಚ್ಚುಕಡಿಮೆ ನೀರಿನಷ್ಟೇ ಸಾಂದ್ರ, ಆದ್ದರಿಂದ ತಲೆ ಮೇಲಿರೋಕೆ ಅಷ್ಟು ಸಾಕು. ಆರ್ಕಿಮಿಡೀಸ್ ತತ್ವ ನಮ್ಮ ಕೈಯಲ್ಲಿ ಇಷ್ಟು ಉಪಯೋಗಕ್ಕೆ ಬಂದಿದ್ದು ಇದೇ ಮೊದಲು. ತಾತ ಕ್ಯಾನು ನೋಡಿ ನಕ್ಕರು. "ನಮ್ ಕಾಲ್ದಲ್ಲಿ ಒಣಗಿದ ಸೋರೆ ಬುರುಡೆ ಬೆನ್ನಿಗೆ ಕಟ್ಕೊಂಡು ಈಜು ಕಲೀತಿದ್ವು. ಇದೂ ಅದೇಯಾ."

ಎರಡನೇ ವಿಷಯ ಅಪ್ಪಣೆ. ಊರ ಕೆರೆ-ಕಟ್ಟೆಗಳಲ್ಲಿ ಮೀನು ಹಿಡಿಯೋ ಹಕ್ಕನ್ನ ಗುತ್ತಿಗೆಗೆ ಕೊಟ್ಟಿರ್ತಾರೆ. ಗುತ್ತಿಗೆ ಹಿಡಿದವರು ದುಡ್ಡು ಕೊಟ್ಟು ಮರಿ ತಂದು ಬಿಟ್ಟಿರ್ತಾರೆ. ನಮಗೆ ಆಟ, ಅವರಿಗೆ ಬದುಕು. ತಾತ ಆವತ್ತೇ ರಾತ್ರಿ ಫೋನ್ ಮಾಡಿ ಕೇಳಿದರು. "ಕೂಸಿಗೆ ಗಾಳ ತಾನೆ? ಹಾಕ್ಕಳಿ. ಬಲೆ ಬ್ಯಾಡ. ಬಿಟ್ಟಿರೋ ಮೀನು ಸಿಕ್ರೆ ವಾಪಸ್ ಬುಟ್ಬುಡಿ, ಜಿಲೇಬಿ ಎಷ್ಟಾರಾ ತಗಳ್ಳಿ" ಅನ್ನೋ ಉತ್ತರ ಬಂತು. ಬಿಟ್ಟಿರೋ ಮೀನು ಅಂದ್ರೆ ಕಾಟ್ಲಾ, ರೋಹು, ಮೃಗಾಲ್. ಈ ಮೂರನ್ನೇ ಒಟ್ಟಿಗೆ ಯಾಕೆ ಸಾಕ್ತಾರೆ ಅಂತ ಕನ್ನಡಕ ಮಾವ ಕೇಳಿದ. ಕಾಟ್ಲಾ ಮೇಲುನೀರಲ್ಲಿ ಮೇಯುತ್ತೆ, ರೋಹು ನಡುನೀರಲ್ಲಿ, ಮೃಗಾಲ್ ತಳದಲ್ಲಿ. ಒಂದೇ ಕಟ್ಟೆ, ಮೂರು ಅಂತಸ್ತಿನ ಹಾಸ್ಟೆಲ್. ಮೆಸ್ ಬೇರೆ ಬೇರೆ, ಹಾಗಾಗಿ ಜಗಳ ಕಮ್ಮಿ.

ಮೂರನೇ ವಿಷಯಕ್ಕೇ ರಾತ್ರಿ ಹನ್ನೊಂದರವರೆಗೆ ಜಗಲಿ ಮೇಲೆ ಕೂತಿದ್ದೆವು. ಪುಟ್ಟಿ ಮಲಗಿದ್ದಳು. ಮೀನು ಸಿಕ್ಕರೆ ಏನು ಮಾಡೋದು?

ಗಡ್ಡ ಮಾವನ ಪ್ರಕಾರ ಇದರಲ್ಲಿ ಯೋಚನೆ ಮಾಡೋದೇ ಇಲ್ಲ: ಹಿಡಿಯೋದು, ಮನೆಗೆ ತರೋದು, ಸಾರು. ಕನ್ನಡಕ ಮಾವ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟದವನು. "ನಾನು ತಿನ್ನಲ್ಲ, ತಿನ್ನೋರಿಗೆ ಬೇಡ ಅಂತಲೂ ಅನ್ನಲ್ಲ. ಆದ್ರೆ ಆಟಕ್ಕೆ ಅಂತ ಹಿಡಿದು ಬಿಡೋದು ನಂಗೆ ಅರ್ಥ ಆಗಲ್ಲ" ಅಂದ. ಸ್ವಂತ ಮಾವ, "ಅವಳಿಗೇ ಬಿಡೋಣ. ಬಿಡು ಅಂದ್ರೆ ಬಿಡೋಣ, ಬೇಕು ಅಂದ್ರೆ ತರೋಣ" ಅಂದ. ಕೇಳೋಕೆ ಚೆನ್ನಾಗಿತ್ತು. ಆದ್ರೆ ಒಂದು ಜೀವ ಉಳಿಯಬೇಕೋ ಹೋಗಬೇಕೋ ಅನ್ನೋ ತೀರ್ಮಾನವನ್ನ ಆರು ವರ್ಷದ ಮಗುವಿನ ಹೆಗಲಿಗೆ ಹಾಕಿ ನಾವು ದೊಡ್ಡವರು ಕೈ ಕಟ್ಟಿ ನಿಲ್ಲೋದು ಸರಿಯಾ? ಬಿಡು ಅಂದ್ರೆ ನಮಗೆ ಸಮಾಧಾನ, ತರೋಣ ಅಂದ್ರೆ ನಮಗೆ ಊಟ. ಎರಡರಲ್ಲೂ ಭಾರ ಹೊರೋದು ಅವಳೇ. ತಾತ ಒಳಗಿಂದಲೇ ಕೂಗಿ ಹೇಳಿದರು. "ಹಿಡದ್ ಮ್ಯಾಲೆ ಎರಡೇ ದಾರಿ ಕಣ್ರಪ್ಪ. ತಿನ್ನಾದು, ಇಲ್ಲ ತಕ್ಷಣ ಬುಡಾದು. ಸಣ್ಣದು ಬುಡಿ, ಅಂಗೈ ಮೀರಿದ್ದು ತಗಳ್ಳಿ. ತಿನ್ನೋವಷ್ಟೇ ತಗಳ್ಳಿ. ಈಗ ಮನಿಕಳ್ಳಿ."

ಅದೇ ನಿಯಮವಾಯ್ತು. ಅದನ್ನ ಬೆಳಿಗ್ಗೆ ಗಾಳ ಹಾಕೋಕೆ ಮುಂಚೆಯೇ ಪುಟ್ಟಿಗೆ ಹೇಳಬೇಕು ಅಂತಲೂ ಆಯ್ತು.

ಭಾನುವಾರ ಆರೂವರೆಗೆ ಸಾಮಾನು ರೆಡಿ. ಎರಡೂವರೆ ಮೀಟರ್ ಬಿದಿರು ಕೋಲು, ಅಷ್ಟೇ ಉದ್ದದ ನೈಲಾನ್ ದಾರ, ಇದ್ದುದರಲ್ಲಿ ಚಿಕ್ಕ ಕೊಕ್ಕೆ. ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಚಾಚಿಕೊಂಡಿರೋ ಮುಳ್ಳನ್ನ ಗಡ್ಡ ಮಾವ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ. ಮೀನು ತಪ್ಪಿಸಿಕೊಳ್ಳೋ ಸಾಧ್ಯತೆ ಸ್ವಲ್ಪ ಹೆಚ್ಚು, ಆದ್ರೆ ಬಿಡೋ ಮೀನಿನ ಬಾಯಿ ಹರಿಯಲ್ಲ. ಮಗುವಿನ ಬೆರಳಿಗೆ ಚುಚ್ಚಿದ್ರೂ ಸುಲಭವಾಗಿ ಹೊರಗೆ ಬರುತ್ತೆ. ಭಾರಕ್ಕೆ ಸೀಸದ ಗುಂಡಿನ ಬದಲು ಅವನ ಬ್ಯಾಗಿನ ತಳದಲ್ಲಿದ್ದ ಸಣ್ಣ ಸ್ಟೀಲ್ ನಟ್ಟು. ಸೀಸ ವಿಷ, ಮಕ್ಕಳ ಕೈಗೆ ಕೊಡೋ ವಸ್ತುವಲ್ಲ. ಬೆಂಡಿಗೆ ತಾತ ಜೋಳದ ದಂಟು ಸುಲಿದು ಒಳಗಿನ ತಿರುಳನ್ನ ಎರಡಿಂಚು ಕತ್ತರಿಸಿಕೊಟ್ಟರು. ಬಕೆಟ್ ನೀರಲ್ಲಿ ಅದು ನೆಟ್ಟಗೆ ನಿಲ್ಲೋವರೆಗೆ ನಟ್ಟನ್ನ ಮೇಲೆ ಕೆಳಗೆ ಮಾಡ್ತಾ ನಾವು ಕಾಲು ಗಂಟೆ ತೆಗೆದುಕೊಂಡೆವು. "ಏನ್ರಪ್ಪಾ, ನಾಕ್ ಜನ ಇಂಜಿನಿಯರ್‌ಗಳು ಸೇರ್ಕಂಡು ಒಂದು ಬೆಂಡು ನಿಲ್ಸಕ್ಕೆ ಇಷ್ಟೊತ್ತಾ?" ಅಂತ ತಾತ ಕೇಳಿದ್ದಕ್ಕೆ ನಮ್ಮ ಬಳಿ ಉತ್ತರ ಇರಲಿಲ್ಲ.

ಎರೆಹುಳು ಹುಡುಕೋಕೆ ಬಚ್ಚಲ ನೀರು ಹರಿಯೋ ಬಾಳೆ ಬುಡಕ್ಕೆ ಹೋದೆವು. ಎರಡು ಸಲ ಗುದ್ದಲಿ ಹಾಕೋ ಹೊತ್ತಿಗೆ ಏಳೆಂಟು ಸಿಕ್ಕವು. ಪುಟ್ಟಿಗೆ ಅಸಹ್ಯವೇನೂ ಆಗಲಿಲ್ಲ, ಅಂಗೈ ಮೇಲೆ ಇಟ್ಟುಕೊಂಡು ನೋಡಿದಳು. ತಾತ ಒಂದನ್ನ ಕೊಕ್ಕೆಗೆ ಸಿಗಿಸೋಕೆ ಎತ್ತಿಕೊಂಡಾಗ ಮೊದಲ ಪ್ರಶ್ನೆ ಬಂತು: "ಅದಕ್ಕೆ ಚುಚ್ಚಲ್ವಾ?"

"ಚುಚ್ತದೆ."

"ಹಂಗಾದ್ರೆ ಬೇಡ."

ತಾತ ವಾದ ಮಾಡಲಿಲ್ಲ. ಹುಳುಗಳನ್ನ ಬಾಳೆ ಬುಡಕ್ಕೇ ಹಾಕಿ ಮಣ್ಣು ಮುಚ್ಚಿದರು, ಒಳಗೆ ಹೋಗಿ ರಾತ್ರಿಯ ತಂಗಳು ಮುದ್ದೆ ಒಂದು ಹಿಡಿ ತಂದರು. "ನಮ್ ಸೀಮೆ ಮೀನು, ಮುದ್ದೆ ಬ್ಯಾಡ ಅಂದಾತಾ?" ಬೇಡ ಅನ್ನಲಿಲ್ಲ ಅನ್ನೋದು ಆಮೇಲೆ ಗೊತ್ತಾಯ್ತು. ಗೋಧಿ ಹಿಟ್ಟು ಸ್ವಲ್ಪ ಸೇರಿಸಿ ನಾದಿದ್ರೆ ಮುದ್ದೆ ನೀರಲ್ಲಿ ಬೇಗ ಕರಗಲ್ಲ.

ಕಟ್ಟೆ ಹತ್ತಿರ ಕೂತ ಮೇಲೆ ನಿಯಮ ಹೇಳಿದೆವು. ಸಣ್ಣದು ವಾಪಸ್. ದೊಡ್ಡದು ಮನೆಗೆ, ಅಂದ್ರೆ ತಾತ ಅದನ್ನ ಸಾಯಿಸ್ತಾರೆ, ಅಜ್ಜಿ ಸಾರು ಮಾಡ್ತಾರೆ. ಸಾಯಿಸುವಾಗ ನೋಡಬೇಕು ಅನ್ನಿಸಿದ್ರೆ ನೋಡಬಹುದು, ಬೇಡ ಅನ್ನಿಸಿದ್ರೆ ಆ ಕಡೆ ತಿರುಗಬಹುದು. ಎರಡಕ್ಕೂ ಯಾರೂ ನಗಲ್ಲ. ಪುಟ್ಟಿ ತಲೆಯಾಡಿಸಿದಳು. ಎಷ್ಟು ಅರ್ಥವಾಯ್ತೋ ಹೇಳೋದು ಕಷ್ಟ.

ಮೊದಲ ಒಂದು ಗಂಟೆ ಏನೂ ಆಗಲಿಲ್ಲ. ಮಗು ಜೊತೆಗಿದ್ದಾಗ 'ಏನೂ ಆಗಲಿಲ್ಲ' ಅನ್ನೋದು ಮಾತ್ರ ಸುಳ್ಳು. ಎಂಟು ನಿಮಿಷಕ್ಕೆ ಅವಳಿಗೆ ಬೆಂಡು ಸಾಕಾಯ್ತು. ಕೋಲು ನೀರಲ್ಲಿ ಮುರಿದ ಹಾಗೆ ಕಾಣೋದು ಕಣ್ಣಿಗೆ ಬಿತ್ತು. ಹೊರಗೆ ತೆಗೆದಳು, ನೆಟ್ಟಗಿದೆ. ಒಳಗೆ ಇಟ್ಟಳು, ಮುರಿದಿದೆ. ಹೀಗೆ ಹನ್ನೊಂದು ಸಲ. ನಮ್ಮ ಲ್ಯಾಬಿನಲ್ಲಿ ಒಂದು ರೀಡಿಂಗ್ ತಗೊಂಡು ಉಳಿದ ನಾಲ್ಕನ್ನ ಹಿಂದಿನ ವರ್ಷದ ರೆಕಾರ್ಡಿನಿಂದ ಇಳಿಸೋ ಪದ್ಧತಿ ಅವಳಿಗಿನ್ನೂ ಗೊತ್ತಿಲ್ಲ. ಆಚೆ ದಡದ ಬೋಳು ಕೊಂಬೆ ಮೇಲೆ ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ತಿತ್ತು. ಮಿಂಚುಳ್ಳಿ ಎರಡು ಸಲ ನೀರಿಗೆ ಬಿದ್ದು ಎರಡನೇ ಸಲ ಮೀನು ಕಚ್ಚಿಕೊಂಡು ಹೋಯ್ತು. "ಅದಕ್ಕೆ ಸಿಕ್ತು, ನಮಗೆ ಸಿಗಲಿಲ್ಲ" ಅಂದಳು ಪುಟ್ಟಿ.

ಅವಳು ಎದ್ದು ಕುಣಿದಾಗ ತಾತ, "ಮಾತಾಡು, ಪರವಾಗಿಲ್ಲ. ಕುಣೀಬ್ಯಾಡ" ಅಂದರು. ನಮಗೆ ಇದು ಉಲ್ಟಾ ಅನ್ನಿಸಿತು, ಗಾಳ ಹಾಕೋರು ಪಿಸುಗುಟ್ಟೋದನ್ನೇ ನೋಡಿದ್ದೆವು. ಲೆಕ್ಕ ಹಾಕಿ ನೋಡಿದ್ರೆ ತಾತ ಹೇಳಿದ್ದೇ ಸರಿ. ಗಾಳಿಯಲ್ಲಿನ ಸದ್ದು ನೀರಿನ ಮೇಲ್ಮೈಗೆ ತಾಗಿದಾಗ ಅದರ ಶಕ್ತಿಯಲ್ಲಿ ಸುಮಾರು 99.9 ಭಾಗ ವಾಪಸ್ ಪುಟಿಯುತ್ತೆ. ನೆಲದ ಮೇಲೆ ಕುಣಿದ್ರೆ ಆ ಅದುರು ಮಣ್ಣಿನ ಮೂಲಕ ನೇರ ನೀರಿಗೇ ಹೋಗುತ್ತೆ. ಮೀನಿನ ಮೈಯ ಎರಡೂ ಬದಿಯಲ್ಲಿ ಪಾರ್ಶ್ವರೇಖೆ ಅಂತ ಇದೆ, ನೀರಿನ ಸಣ್ಣ ಅಲುಗಾಟವೂ ಅದಕ್ಕೆ ತಿಳಿಯುತ್ತೆ.

ಎಂಟು ಗಂಟೆ ಹೊತ್ತಿಗೆ ಬೆಂಡು ಎರಡು ಸಲ ತಲೆಯಾಡಿಸಿ ಪಕ್ಕಕ್ಕೆ ಸರಿದು ಮುಳುಗಿತು. ಕೋಲು ಪುಟ್ಟಿ ಕೈಯಲ್ಲೇ ಇತ್ತು. ಹಿಂದಿಂದ ಸ್ವಂತ ಮಾವ ಹಿಡಿದಿದ್ದ, ಆದ್ರೆ ಎತ್ತಿದ್ದು ಅವಳೇ. ಅಂಗೈಗಿಂತ ಚೂರು ದೊಡ್ಡ ಜಿಲೇಬಿ ಹುಲ್ಲಿನ ಮೇಲೆ ಬಿತ್ತು. ನಾವು ನಾಲ್ಕೂ ಜನ ಕಿರುಚಿದೆವು. ಪುಟ್ಟಿ ಕಿರುಚಲಿಲ್ಲ.

"ಅದು ಯಾಕೆ ಬಾಯಿ ತೆಗೀತಿದೆ?"

ಕನ್ನಡಕ ಮಾವ ಹೇಳಿದ: ಮೀನಿನ ಕಿವಿರು ನೀರಲ್ಲಿ ಪುಸ್ತಕದ ಹಾಳೆ ಥರ ಬಿಡಿಸಿಕೊಂಡಿರುತ್ತೆ, ನೀರು ಮಧ್ಯೆ ಹೋಗುತ್ತೆ, ಉಸಿರು ಸಿಗುತ್ತೆ. ಹೊರಗೆ ಬಂದ್ರೆ ಹಾಳೆಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಳ್ತವೆ. ಉಸಿರು ಕಟ್ಟುತ್ತೆ.

"ಅದಕ್ಕೆ ನೋವಾಗ್ತಿದೆಯಾ?"

ಇದೇ ಆ ಐದು ನಿಮಿಷ. ಇಂಥ ಹೊತ್ತಲ್ಲಿ ದೊಡ್ಡವರ ಬಾಯಿಗೆ ಮೊದಲು ಬರೋ ಉತ್ತರ ಎಲ್ಲರಿಗೂ ಗೊತ್ತು: 'ಇಲ್ಲ ಕಂದ, ಮೀನಿಗೆ ನೋವಾಗಲ್ಲ.' ಹಿಂದಿನ ರಾತ್ರಿ ಜಗಲಿ ಮೇಲೆ ಫೋನಿನಲ್ಲಿ ನಾವು ಇದನ್ನೇ ಹುಡುಕಿದ್ದೆವು. 2003ರಲ್ಲಿ ಬ್ರಿಟನ್ನಿನ ಲಿನ್ ಸ್ನೆಡನ್ ಮತ್ತು ಜೊತೆಗಾರರು ರೇನ್‌ಬೋ ಟ್ರೌಟ್ ಮೀನಿನ ತಲೆಭಾಗದಲ್ಲಿ ಗಾಯ, ಬಿಸಿ, ರಾಸಾಯನಿಕಗಳನ್ನ ಗುರುತಿಸೋ ನರತುದಿಗಳಿವೆ ಅಂತ ತೋರಿಸಿದರು. ಅವುಗಳ ತುಟಿಗೆ ಆಮ್ಲ ಚುಚ್ಚಿದಾಗ ತೊಟ್ಟಿಯ ತಳದ ಜಲ್ಲಿಗೆ ತುಟಿ ಉಜ್ಜಿಕೊಂಡವು, ಎಷ್ಟೋ ಹೊತ್ತು ಮೇವು ಮುಟ್ಟಲಿಲ್ಲ. ಅದನ್ನ ನಮ್ಮ ನೋವಿನಂಥ ನೋವು ಅನ್ನಬಹುದಾ ಅಂತ ವಿಜ್ಞಾನಿಗಳು ಇನ್ನೂ ಜಗಳ ಆಡ್ತಾರೆ. ಆದ್ರೆ 'ಏನೂ ಆಗಲ್ಲ' ಅಂತ ಮಗುವಿಗೆ ಹೇಳೋ ಧೈರ್ಯ ಅದನ್ನ ಓದಿದ ಮೇಲೆ ಯಾರಿಗೂ ಇರಲಿಲ್ಲ.

ತಾತ ಯಾವ ಪೇಪರೂ ಓದಿರಲಿಲ್ಲ. ಕೈ ಒದ್ದೆ ಮಾಡಿಕೊಂಡು ಮೀನು ಹಿಡಿದು ಪುಟ್ಟಿ ಕಡೆ ನೋಡಿ ಹೇಳಿದರು: "ಆಯ್ತದೆ ಕಣವ್ವ. ಅದ್ಕೇ ಬಿರ್ರನೆ ಮುಗಿಸ್ಬೇಕು. ಒದ್ದಾಡಕ್ಕೆ ಬುಡಬಾರ್ದು."

ಪುಟ್ಟಿ ಕಟ್ಟೆ ಕಡೆ ತಿರುಗಿದಳು. ತಾತ ಕೊಡಲಿ ಕಾವಿನ ತುಂಡಿನಿಂದ ಮೀನಿನ ಕಣ್ಣ ಹಿಂದೆ ಒಂದೇ ಏಟು ಹಾಕಿದರು. ಎರಡನೇದು ಬೇಕಾಗಲಿಲ್ಲ. ಸದ್ದು ಕೇಳಿ ಪುಟ್ಟಿ ತಿರುಗಿ ನೋಡಿದಳು. ಮೀನು ಸುಮ್ಮನಿತ್ತು. ಹತ್ತಿರ ಬಂದು ಒಂದು ಬೆರಳಿಂದ ಮುಟ್ಟಿ, "ಮುಗೀತಾ?" ಅಂದಳು. "ಮುಗೀತು" ಅಂದರು ತಾತ. ಅಳಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಆಮೇಲೆ ಸಿಕ್ಕ ಎರಡು ಸಣ್ಣವು. ಅವನ್ನ ಬಿಡೋ ಕೆಲಸ ಕನ್ನಡಕ ಮಾವ ತಾನೇ ಕೇಳಿ ತೆಗೆದುಕೊಂಡ. ಒಣಗಿದ ಕೈಯಲ್ಲಿ ಹಿಡಿದ್ರೆ ಮೀನಿನ ಮೈ ಮೇಲಿನ ಲೋಳೆ ಕಿತ್ತುಬರುತ್ತೆ, ಅದು ಹೋದ್ರೆ ಮೀನಿಗೆ ರೋಗ ತಗಲೋದು ಸುಲಭ. ಹಾಗಾಗಿ ಕೈ ಒದ್ದೆ ಮಾಡಿ, ನೀರೊಳಗೇ ಇಟ್ಟು, ಅದಾಗಿ ಈಜಿಕೊಂಡು ಹೋಗೋವರೆಗೆ ಕಾದು ಬಿಟ್ಟ. ಎರಡನೇ ಸಲ ಪುಟ್ಟಿಯ ಕೈಯನ್ನ ತನ್ನ ಕೈಯೊಳಗೆ ಇಟ್ಟುಕೊಂಡು ಬಿಡಿಸಿದ. ಆಗ ಅವಳು ಆವತ್ತು ಮೊದಲ ಸಲ ನಕ್ಕಿದ್ದು.

ಒಂಬತ್ತರ ಹೊತ್ತಿಗೆ ತಾತ ಚಪ್ಪಡಿಯ ಪಕ್ಕಕ್ಕೆ ಕೈ ತೋರಿಸಿ ಸುಮ್ಮನಿರಿ ಅಂದರು. ಗೇಣುದ್ದ ನೀರಲ್ಲಿ ಒಂದು ಜಿಲೇಬಿ ನಿಂತಿತ್ತು, ಅದರ ತಲೆಯ ಸುತ್ತ ಸೊಳ್ಳೆ ಹಿಂಡಿನ ಹಾಗೆ ಮರಿಗಳು. ತಾತ ಕೈ ಚಾಚಿ ನೆರಳು ಬೀಳಿಸಿದ್ದೇ ತಡ, ಮರಿಗಳೆಲ್ಲಾ ತಾಯಿಯ ಬಾಯೊಳಗೆ ನುಗ್ಗಿದವು. ಒಂದೂ ಹೊರಗಿಲ್ಲ.

"ತಿಂದ್ಬಿಡ್ತು!"

"ತಾಳು."

ನೆರಳು ಸರಿದ ಮೇಲೆ ತಾಯಿ ಬಾಯಿ ತೆರೆಯಿತು, ಒಂದೊಂದಾಗಿ ಎಲ್ಲಾ ಹೊರಗೆ ಬಂದವು. ಈ ಜಾತಿ ಮೂಲದಲ್ಲಿ ಆಫ್ರಿಕಾದ್ದು, ಮೊಜಾಂಬಿಕ್ ತಿಲಾಪಿಯಾ. 1952ರಲ್ಲಿ ಭಾರತಕ್ಕೆ ತಂದರು. ಹೀಗೆ ಬಾಯಲ್ಲೇ ಮೊಟ್ಟೆ-ಮರಿ ಕಾಯೋ ಕಾರಣಕ್ಕೆ ಮರಿಗಳು ಹೆಚ್ಚು ಬದುಕುತ್ತವೆ, ಹೋದ ಹೋದ ಕೆರೆಯಲ್ಲೆಲ್ಲಾ ತುಂಬಿಕೊಳ್ತವೆ. ಗುತ್ತಿಗೆಯವರು 'ಎಷ್ಟಾರಾ ತಗಳ್ಳಿ' ಅಂದಿದ್ದು ಇದಕ್ಕೇ. ಆದ್ರೆ ಪುಟ್ಟಿಗೆ ಈ ಇತಿಹಾಸ ಬೇಕಿರಲಿಲ್ಲ. ಬಕೆಟ್ ಕಡೆ ನೋಡಿ, "ನಾವು ಹಿಡಿದಿದ್ದು ಅಮ್ಮನಾ?" ಅಂತ ಕೇಳಿದಳು.

ಇದಕ್ಕೆ ಒಳ್ಳೆ ಉತ್ತರವೂ ಇತ್ತು, ನಿಜವಾದ ಉತ್ತರವೂ ಅದೇ ಆಗಿತ್ತು. ಬಾಯಲ್ಲಿ ಮರಿ ಇರೋವರೆಗೆ ತಾಯಿ ಹೆಚ್ಚುಕಡಿಮೆ ಏನೂ ತಿನ್ನಲ್ಲ. ಮುದ್ದೆಗೆ ಬಾಯಿ ಹಾಕಿದ ಮೀನಿನ ಬಾಯಲ್ಲಿ ಮರಿ ಇರಲಿಲ್ಲ. ಉದ್ದ ಮಾವ ಹೇಳಿದ್ದನ್ನ ಅವಳು ಎರಡು ಸಲ ಹೇಳಿಸಿಕೊಂಡಳು. 'ನೋವಾಗುತ್ತೆ' ಅಂತ ನಿಜ ಹೇಳಿದ್ದವರು ಅನ್ನೋ ಕಾರಣಕ್ಕೇ ಇದನ್ನೂ ನಂಬಿದಳು ಅಂತ ನಮಗನ್ನಿಸುತ್ತೆ.

ಬಿಸಿಲು ಏರೋ ಹೊತ್ತಿಗೆ ಮೀನು ಚೆನ್ನಾಗಿ ಕಚ್ಚತೊಡಗಿದವು. ಬಕೆಟ್‌ನಲ್ಲಿ ನಾಲ್ಕಾದವು. ಗಡ್ಡ ಮಾವ ಐದನೇದಕ್ಕೆ ಮುದ್ದೆ ಉಂಡೆ ಮಾಡ್ತಿದ್ದ. ಪುಟ್ಟಿ ಬೆರಳು ಮಡಚಿ ಲೆಕ್ಕ ಹಾಕ್ತಾ ಕೇಳಿದಳು: "ಎಷ್ಟು ಜನ ತಿಂತೀವಿ?" ಕನ್ನಡಕ ಮಾವ ತಿನ್ನಲ್ಲ. ಉಳಿದ ಮೂರು ಮಾವಂದಿರು, ತಾತ, ಅಜ್ಜಿ, ಅವಳು. "ನಾಲ್ಕು ಸಾಕು. ಅಜ್ಜಿ ಅರ್ಧರ್ಧ ಮಾಡ್ತಾರೆ." ಗಡ್ಡ ಮಾವ ಉಂಡೆಯನ್ನ ನೀರಿಗೆ ಎಸೆದು ಕೋಲು ಸುತ್ತಿದ.

ಮನೆಯಲ್ಲಿ ಅಜ್ಜಿ ಬೂದಿ ಹಾಕಿ ಕಲ್ಲಿನ ಮೇಲೆ ಮೀನು ಉಜ್ಜಿದರು, ಲೋಳೆ ಹೋಗೋಕೆ. ಸೀಳಿದಾಗ ಒಳಗಿಂದ ಬಿಳಿ ಬಲೂನಿನಂಥದ್ದು ಬಂತು. ಅದು ಗಾಳಿಚೀಲ. ಅದರೊಳಗಿನ ಗಾಳಿ ಹೆಚ್ಚುಕಮ್ಮಿ ಮಾಡಿಕೊಂಡು ಮೀನು ನೀರಲ್ಲಿ ಬೇಕಾದ ಎತ್ತರದಲ್ಲಿ ನಿಲ್ಲುತ್ತೆ. "ಬೆಂಡು ಹೊಟ್ಟೆ ಒಳಗೇ ಇದೆ" ಅಂದಳು ಪುಟ್ಟಿ. ನಮ್ಮ ಕಾಲು ಗಂಟೆಯ ಕೆಲಸವನ್ನ ಮೀನು ಯಾವಾಗಲೂ ಮಾಡ್ತಾನೇ ಇರುತ್ತೆ. ಮಧ್ಯಾಹ್ನ ಹುಣಸೆಹುಳಿ ಸಾರು, ಬಿಸಿ ಮುದ್ದೆ. ಕನ್ನಡಕ ಮಾವನಿಗೆ ಬೇರೆ ಒಲೆಯಲ್ಲಿ ಉಪ್ಸಾರು. ಪುಟ್ಟಿ ತನ್ನ ಅರ್ಧ ತುಂಡನ್ನ ಮುಳ್ಳು ಬಿಡಿಸಿ ಬಿಡಿಸಿ ಪೂರ್ತಿ ತಿಂದಳು, ತಟ್ಟೆ ಅಂಚಿಗೆ ಮುಳ್ಳುಗಳನ್ನ ಸಾಲಾಗಿ ಜೋಡಿಸಿದಳು. ಊಟ ಅರ್ಧಕ್ಕೆ ನಿಲ್ಲಿಸಿದ್ದು ಗಡ್ಡ ಮಾವ. ಹಾಸ್ಟೆಲ್‌ನಲ್ಲಿ ಚಿಕನ್ ದಿನ ಎರಡನೇ ಸಲ ಸಾಲಿನಲ್ಲಿ ನಿಲ್ಲೋನು ಅವನು. ಯಾಕೋ ಅಂದ್ರೆ, "ಗೊತ್ತಿಲ್ಲ ಕಣೋ, ಇದರ ಮುಖ ನೋಡಿದ್ದೆ" ಅಂದ. ಅವನ ಪಾಲನ್ನ ತಾತ ತಿಂದರು. ಬಿಸಾಡಲಿಲ್ಲ.

ನಮ್ಮ ಮೆಸ್‌ನಲ್ಲಿ ಮುಖ ಇಲ್ಲದ ಊಟವೇ ಬರುತ್ತೆ. ಸೌಟಿನಲ್ಲಿ ಬಂದು ತಟ್ಟೆಗೆ ಬೀಳುತ್ತೆ, ಉಳಿದದ್ದು ನೀಲಿ ಡ್ರಮ್ಮಿಗೆ ಹೋಗುತ್ತೆ. ಎಷ್ಟು ಜನ ತಿಂತೀವಿ ಅಂತ ಅಲ್ಲಿ ಯಾರೂ ಬೆರಳು ಮಡಚಲ್ಲ. ತರಕಾರಿ ತಿನ್ನೋರಾಗಲಿ ಮಾಂಸ ತಿನ್ನೋರಾಗಲಿ, ಅನ್ನ ಬಿಸಾಡೋ ವಿಷಯದಲ್ಲಿ ನಾವೆಲ್ಲಾ ಒಂದೇ ಜಾತಿ. ಮಗುವನ್ನ ಕಟ್ಟೆಗೆ ಕರ್ಕೊಂಡು ಹೋಗೋದರಲ್ಲಿ ಕಲಿಯೋ ಪಾಠ ಏನಾದ್ರೂ ಇದ್ರೆ ಅದು ಮೀನು ಹಿಡಿಯೋದಲ್ಲ, ಈ ಲೆಕ್ಕ. ಸಾಯಿಸದೆ ಊಟ ಇಲ್ಲ ಅಂದ ಮೇಲೆ ಎಷ್ಟು ಬೇಕೋ ಅಷ್ಟು, ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ. ಅದನ್ನ ಮಗುವಿಗೆ ಭಾಷಣ ಮಾಡಿ ಹೇಳೋಕಾಗಲ್ಲ. ಅದರ ಮುಂದೆ ಹಾಗೆ ನಡೆದುಕೊಳ್ಳಬಹುದು ಅಷ್ಟೇ.

ಮುಂದಿನ ರಜೆಯಲ್ಲಿ ತಮ್ಮನನ್ನೋ ತಂಗಿಯನ್ನೋ ಅಕ್ಕನ ಮಗುವನ್ನೋ ಕರ್ಕೊಂಡು ಹೋಗೋ ಯೋಚನೆ ನಿಮಗಿದ್ರೆ: ಹಿಂದಿನ ದಿನವೇ ಊರಿನ ಹಿರಿಯರ ಜೊತೆ ಜಾಗ ನೋಡಿ, ಕೋಲಿಳಿಸಿ ಆಳ ನೋಡಿ. ಪ್ಲಾಸ್ಟಿಕ್ ಹಾಸಿದ ಹೊಂಡದ ಹತ್ತಿರವೂ ಹೋಗಬೇಡಿ. ಮಗುವಿಗೊಬ್ಬ ಕಾವಲು ಇರಲಿ, ಅವನ ಫೋನ್ ಮನೆಯಲ್ಲಿರಲಿ. ಹಗ್ಗ ಕಟ್ಟಿದ ಖಾಲಿ ಕ್ಯಾನು ಒಯ್ಯಿರಿ. ಗುತ್ತಿಗೆಯವರನ್ನ ಕೇಳಿ. ಕೊಕ್ಕೆಯ ಮುಳ್ಳು ಒತ್ತಿ. ಸಿಕ್ಕ ಮೀನನ್ನ ಏನು ಮಾಡ್ತೀರಿ ಅಂತ ಮೊದಲೇ ತೀರ್ಮಾನ ಮಾಡಿ, ಗಾಳ ಹಾಕೋ ಮೊದಲೇ ಮಗುವಿಗೆ ಹೇಳಿ. ಕೇಳಿದ್ದಕ್ಕೆ ನಿಜ ಹೇಳಿ. ಮತ್ತೆ, ಮಗು 'ಸಾಕು' ಅಂದ ತಕ್ಷಣ ಎದ್ದು ಬನ್ನಿ, ಮೀನು ಎಷ್ಟೇ ಚೆನ್ನಾಗಿ ಕಚ್ಚುತ್ತಿದ್ರೂ.